ಹಾಡು ಆಮೇಲೆ, ಮೊದಲು ಗಲ್ಲಾಪೆಟ್ಟಿಗೆ

ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರುಗಳಲ್ಲಿ ಆಡುವ ಮ್ಯೂಸಿಕಲ್‌ಗಳ, ಅಂದರೆ ಹಾಡು-ಕುಣಿತದ ನಾಟಕಗಳ, ಕಟ್ಟಾ ಅಭಿಮಾನಿ ವಾರವಿಡೀ ಯಾವುದಕ್ಕೆ ಕಾಯುತ್ತಾನೆ ಗೊತ್ತಾ? ಹೊಸ ಹಾಡಿಗೆ ಅಂದುಕೊಂಡರೆ ನೀವಿನ್ನೂ ಹೊಸಬರು. ಅವನು ಕಾಯುವುದು ಕಲೆಕ್ಷನ್ ಪಟ್ಟಿಗೆ. ಭಾನುವಾರ ರಾತ್ರಿಗೆ ಅಲ್ಲಿ ವಾರದ ಲೆಕ್ಕ ಮುಗಿಯುತ್ತದೆ. ಒಂದೆರಡು ದಿನದಲ್ಲಿ ನಿರ್ಮಾಪಕರ, ಥಿಯೇಟರ್ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್‌ನವರು ಪಟ್ಟಿ ಹೊರಡಿಸುತ್ತಾರೆ. ಯಾವ ಪ್ರದರ್ಶನ ಎಷ್ಟು ಡಾಲರ್ ದುಡಿಯಿತು, ನೂರಕ್ಕೆ ಎಷ್ಟು ಸೀಟು ತುಂಬಿತು, ಒಂದು ಟಿಕೆಟ್ ಸರಾಸರಿ ಎಷ್ಟಕ್ಕೆ ಹೋಯಿತು, ಹೋದ ವಾರಕ್ಕಿಂತ ಏರಿತಾ ಇಳಿಯಿತಾ, ಎಲ್ಲಾ ಅದರಲ್ಲಿರುತ್ತದೆ.

ಇದು ನಿರ್ಮಾಪಕರಿಗೂ ದುಡ್ಡು ಹಾಕಿದವರಿಗೂ ಬೇಕಾದ ಕಾಗದ. ಆದರೆ ಅವರಿಗಿಂತ ಶ್ರದ್ಧೆಯಿಂದ ಇದನ್ನು ಓದುವವರು ಒಂದು ಡಾಲರೂ ಹಾಕದ ಅಭಿಮಾನಿಗಳು. ಥೇಟ್ ಜಾತಕ ನೋಡಿದ ಹಾಗೆ. ಮೂರನೇ ವಾರದಲ್ಲಿ ಶನಿಕಾಟ, ಜನವರಿಯಲ್ಲಿ ಗಂಡಾಂತರ, ಅದು ದಾಟಿ ಜೂನ್‌ನ ಟೋನಿ, ಅಂದರೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ, ತನಕ ಎಳೆದರೆ ಆಯುಷ್ಯ ಗಟ್ಟಿ. ನಾಯಕಿಯ ದನಿ ಹೇಗಿತ್ತು ಅಂತ ಕೇಳಿ ನೋಡಿ. "ಸರಾಸರಿ ಟಿಕೆಟ್ ದರ ಕುಸಿದಿದೆ" ಅಂತ ಉತ್ತರ ಬರುತ್ತದೆ.

ಚೆನ್ನಾಗಿ ಓಡುತ್ತಿರುವ ಮ್ಯೂಸಿಕಲ್ ಬಗ್ಗೆ ಇಂಥವರಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಒಂದು ಮ್ಯೂಸಿಕಲ್ ಏದುಸಿರು ಬಿಡಲು ಶುರು ಮಾಡಬೇಕು. ಆಗ ನೋಡಿ, ಅಭಿಮಾನಿ ಲೋಕ ಸರಿಯಾಗಿ ಎರಡು ಹೋಳಾಗುತ್ತದೆ. ಒಂದು ಭಕ್ತರ ಪಾರ್ಟಿ. ಇನ್ನೊಂದು, ಜೀವ ಹೋಗುವ ಮೊದಲೇ ಚಟ್ಟ ಕಟ್ಟಿಟ್ಟುಕೊಂಡು ಕೂತವರ ಪಾರ್ಟಿ. ನಡುವೆ ಯಾರೂ ಇಲ್ಲ. "ಪರವಾಗಿಲ್ಲ, ಮೊದಲ ಅರ್ಧ ಚೆನ್ನಾಗಿತ್ತು, ಆಮೇಲೆ ಸ್ವಲ್ಪ ಎಳೆದರು" ಅಂತ ಯಾರಾದರೂ ಪಾಪ ಬಾಯಿಬಿಟ್ಟರೆ ಎರಡೂ ಕಡೆಯವರು ಸೇರಿ ಅವನನ್ನು ಹೊರಗೆ ಹಾಕುತ್ತಾರೆ. ಅವರು ಒಟ್ಟಿಗೆ ಮಾಡುವ ಕೆಲಸ ಇದೊಂದೇ.

ಒಂದು ವಾರ ಶೇ. 72ರಷ್ಟು ಸೀಟು ತುಂಬಿತು ಅಂತ ಇಟ್ಟುಕೊಳ್ಳಿ. ಭಕ್ತರಿಗೆ ಅದು ಹೆಚ್ಚುಕಡಿಮೆ ಹೌಸ್‌ಫುಲ್. ಉಳಿದದ್ದಕ್ಕೆ ಕಾರಣ ಇದ್ದೇ ಇದೆ. ಮಳೆ ಬಂತು, ರಜೆ ಮುಗಿಯಿತು, ಪಕ್ಕದ ಥಿಯೇಟರಿಗೆ ಯಾರೋ ಸಿನಿಮಾ ತಾರೆ ಬಂದು ಕೂತಿದ್ದಾರೆ, ಜಾಹೀರಾತಿನವರಿಗೆ ಬುದ್ಧಿಯಿಲ್ಲ. ಕುಣಿಯಲಾರದವರಿಗೆ ನೆಲ ಡೊಂಕು ಅನ್ನುತ್ತೇವಲ್ಲ, ಅದನ್ನೂ ಹೇಳುತ್ತಾರೆ. ಸ್ಟೇಜನ್ನು ಇಳಿಜಾರಾಗಿ ಕಟ್ಟಿದ್ದರೆ ಅಲ್ಲಿ ನೆಲ ನಿಜವಾಗಿಯೂ ಡೊಂಕಾಗಿಯೇ ಇರುತ್ತದೆ, ಹಾಗಾಗಿ ವಾದ ಮಾಡುವಂತಿಲ್ಲ.

ಚಟ್ಟದ ಪಾರ್ಟಿಗೆ ಅದೇ 72 ಸಾವಿನ ಸರ್ಟಿಫಿಕೇಟ್. "ಅದರಲ್ಲಿ ಅರ್ಧ ಪೇಪರಿಂಗ್" ಅಂತ ಕಣ್ಣು ಮಿಟುಕಿಸುತ್ತಾರೆ. ಖಾಲಿ ಸೀಟು ಕಾಣಬಾರದು ಅಂತ ಬಿಟ್ಟಿ ಟಿಕೆಟ್ ಹಂಚುವುದಕ್ಕೆ ಅಲ್ಲಿ ಹೀಗನ್ನುತ್ತಾರೆ. ಥಿಯೇಟರ್ ತುಂಬಿದ್ದರೆ ಬಿಟ್ಟಿ ಕೊಟ್ಟು ತುಂಬಿಸಿದ್ದು. ತುಂಬದಿದ್ದರೆ ಬಿಟ್ಟಿ ಕೊಟ್ಟರೂ ಯಾರಿಗೂ ಬೇಡವಾದದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಾದರೂ ಪರವಾಗಿಲ್ಲ, ಇವರು ಆ ಕರುವಿನ ತೂಕವನ್ನೂ ಹೇಳುತ್ತಾರೆ.

ಭಕ್ತರ ತರ್ಕ ಇನ್ನೂ ಸೊಗಸು. ಕಲೆಕ್ಷನ್ ಏರಿದರೆ "ನೋಡಿ, ಜನ ದಡ್ಡರಲ್ಲ". ಇಳಿದರೆ "ಜನಕ್ಕೆ ಇದೆಲ್ಲಾ ಎಲ್ಲಿ ಅರ್ಥವಾಗುತ್ತೆ". ಅದೇ ಜನ. ಏಳೇ ದಿನದಲ್ಲಿ ಬುದ್ಧಿ ಹೋಗಿಬಿಡುತ್ತದೆ.

ಇವರೆಲ್ಲರಿಗೂ ವ್ಯವಹಾರ ಬಾಯಿಪಾಠ, ಅದನ್ನು ಒಪ್ಪಲೇಬೇಕು. ವಾರಕ್ಕೆ ಎಂಟು ಪ್ರದರ್ಶನ. ನಟರ ಸಂಬಳ, ವಾದ್ಯದವರ ಸಂಬಳ, ಥಿಯೇಟರ್ ಬಾಡಿಗೆ, ಲೈಟು, ಜಾಹೀರಾತು ಎಲ್ಲಾ ಸೇರಿ ವಾರದ ಖರ್ಚು. ಅದನ್ನು ದಾಟಿ ಉಳಿದದ್ದು ಮಾತ್ರ ಹಾಕಿದ ಬಂಡವಾಳಕ್ಕೆ ಜಮಾ. ಐದರಲ್ಲಿ ನಾಲ್ಕು ಪ್ರದರ್ಶನಗಳು ಹಾಕಿದ ದುಡ್ಡನ್ನು ಪೂರ್ತಿ ವಾಪಸ್ ತರುವುದಿಲ್ಲ ಅನ್ನುವುದು ಆ ಬೀದಿಯ ಹಳೇ ಲೆಕ್ಕ. ಸಾಲದ್ದಕ್ಕೆ ಒಪ್ಪಂದದಲ್ಲಿ 'ಸ್ಟಾಪ್ ಕ್ಲಾಸ್' ಅಂತ ಒಂದು ಸಾಲು ಇರುತ್ತದೆ. ಕಲೆಕ್ಷನ್ ಗೊತ್ತುಮಾಡಿದ ಮೊತ್ತಕ್ಕಿಂತ ಸತತವಾಗಿ, ಸಾಮಾನ್ಯವಾಗಿ ಎರಡು ವಾರ, ಕೆಳಗೆ ಬಿದ್ದರೆ ಥಿಯೇಟರ್ ಮಾಲೀಕರು ಬಾಗಿಲು ತೋರಿಸಬಹುದು. ಬ್ರಾಡ್‌ವೇ ಅಂದರೆ ಮ್ಯಾನ್‌ಹಟನ್‌ನಲ್ಲಿರುವ, ಕನಿಷ್ಠ 500 ಸೀಟಿನ 41 ಥಿಯೇಟರುಗಳು, ಅಷ್ಟೇ. ಹೊರಗೆ ಜಾಗಕ್ಕಾಗಿ ಕ್ಯೂ ಇರುತ್ತದೆ. ಇಪ್ಪತ್ತು ವರ್ಷದ ಹುಡುಗರು ಈ ಸ್ಟಾಪ್ ಕ್ಲಾಸ್ ಬಗ್ಗೆ ಮಾತಾಡುವುದನ್ನು ಕೇಳಿದರೆ ವಕೀಲರೇ ಬೆಚ್ಚುತ್ತಾರೆ. ಎರಡನೇ ಹಾಡಿನ ಪಲ್ಲವಿ ಹೇಳು ಅಂದರೆ ಮಾತ್ರ ತಡವರಿಸುತ್ತಾರೆ.

ತೀರ್ಪು ಕೊಡುವುದಕ್ಕೆ ನಾಟಕ ನೋಡಬೇಕು ಅನ್ನುವ ನಿಯಮವಂತೂ ಇಲ್ಲ. ಪ್ರಿವ್ಯೂ ಅಂತ ಒಂದು ಅವಧಿ ಇರುತ್ತದೆ. ಪ್ರೇಕ್ಷಕರ ಮುಂದೆ ಆಡಿ ನೋಡಿ, ಹಾಡು ಕತ್ತರಿಸಿ, ಸಂಭಾಷಣೆ ತಿದ್ದಿ, ಆಮೇಲೆ ಅಧಿಕೃತವಾಗಿ ತೆರೆ ಏರಿಸುವುದು. ಅಂದರೆ ಇನ್ನೂ ಬೇಯುತ್ತಿದೆ ಅಂತ ಅವರೇ ಹೇಳಿರುತ್ತಾರೆ. ಟಿಕೆಟ್ ದುಡ್ಡನ್ನು ಮಾತ್ರ ಬೆಂದದ್ದಕ್ಕೇ ತಗೊಂಡಿರುತ್ತಾರೆ. ಜಗಳ ಹುಟ್ಟುವುದು ಇಲ್ಲೇ.

ಈ ಜಗಳಕ್ಕೆ ಸ್ಪೈಡರ್‌ಮ್ಯಾನ್ ಮ್ಯೂಸಿಕಲ್‌ಗಿಂತ ದೊಡ್ಡ ಅಖಾಡ ಸಿಕ್ಕಿಲ್ಲ. ಯು2 ಬ್ಯಾಂಡಿನ ಬೊನೊ ಮತ್ತು ಎಡ್ಜ್ ಸಂಗೀತ, ಜೂಲಿ ಟೇಮೋರ್ ನಿರ್ದೇಶನ, ಖರ್ಚು ಸುಮಾರು 7.5 ಕೋಟಿ ಡಾಲರ್. ಬ್ರಾಡ್‌ವೇ ಕಂಡ ಅತಿ ದುಬಾರಿ ಸಾಹಸ. ಮೊದಲ ಪ್ರಿವ್ಯೂ 2010ರ ನವೆಂಬರ್ 28ರಂದು. ಆ ರಾತ್ರಿ ಆಟ ಹಲವು ಸಲ ನಿಂತಿತು. ಮೊದಲ ಅಂಕದ ಕೊನೆಗೆ ಹೀರೋ ತಂತಿಗೆ ಸಿಕ್ಕಿಕೊಂಡು ಪ್ರೇಕ್ಷಕರ ತಲೆಯ ಮೇಲೆ ನೇತಾಡಿದ. ಕೆಳಗಿನಿಂದ ಕೆಲಸಗಾರರು ಅವನ ಕಾಲು ಹಿಡಿಯಲು ಕೈ ಚಾಚುತ್ತಿದ್ದರು. ಜಗತ್ತನ್ನು ಕಾಪಾಡಬೇಕಾದವನು ತನ್ನನ್ನು ಇಳಿಸುವವರಿಗಾಗಿ ಕಾಯುತ್ತಿದ್ದ. ಎರಡನೇ ಅಂಕದಲ್ಲಿ ಮತ್ತೆ ಆಟ ನಿಂತಾಗ ಒಬ್ಬ ಹೆಂಗಸು, ನಮ್ಮನ್ನು ಪ್ರಯೋಗದ ಪ್ರಾಣಿ ಮಾಡಿಕೊಂಡಿದ್ದೀರಿ ಅನ್ನುವ ಅರ್ಥದಲ್ಲಿ ಜೋರಾಗಿ ಕೂಗಿದಳು. ಉಳಿದವರು ಏನು ಮಾಡಿದರು? ಆಟದವರಿಗಲ್ಲ, ಅವಳಿಗೇ 'ಬೂ' ಹಾಕಿದರು. ಎರಡೂ ಪಾರ್ಟಿಗಳ ಉದ್ಘಾಟನೆ ಒಂದೇ ಸೂರಿನಡಿ, ಒಂದೇ ನಿಮಿಷದಲ್ಲಿ ನಡೆದುಹೋಯಿತು.

ಮುಂದಿನದು ಇನ್ನೂ ತಮಾಷೆ. ತಮಾಷೆ ಅಂತ ಸುಮ್ನೆ ಹೇಳುವಂತಿಲ್ಲ, ಒಬ್ಬ ನಟ ಎತ್ತರದಿಂದ ಬಿದ್ದು ಆಸ್ಪತ್ರೆ ಸೇರಿದ. ಅದಾದ ಮೇಲೂ ಟಿಕೆಟ್ ಖರ್ಚಾಗುತ್ತಲೇ ಇತ್ತು. 2011ರ ಜನವರಿಯ ಒಂದು ವಾರವಂತೂ ಕಲೆಕ್ಷನ್ ಪಟ್ಟಿಯಲ್ಲಿ 'ವಿಕೆಡ್' ಅನ್ನುವ ಭಾರೀ ಹಿಟ್ ಮ್ಯೂಸಿಕಲನ್ನೂ ಹಿಂದೆ ಹಾಕಿತು. ಅಧಿಕೃತ ಆರಂಭವನ್ನು ಮತ್ತೆ ಮತ್ತೆ ಮುಂದೂಡಿದ್ದಕ್ಕೆ ಬೇಸತ್ತ ವಿಮರ್ಶಕರು ಫೆಬ್ರವರಿಯಲ್ಲಿ ಕಾಯುವುದನ್ನೇ ಬಿಟ್ಟು ಬರೆದು ಬಿಸಾಕಿದರು. ಮಾರ್ಚ್‌ನಲ್ಲಿ ನಿರ್ದೇಶಕಿಯನ್ನು ಪಕ್ಕಕ್ಕೆ ಸರಿಸಿದರು. ಮೂರು ವಾರ ಬಾಗಿಲು ಮುಚ್ಚಿ ರಿಪೇರಿ ಮಾಡಿದರು. ಒಟ್ಟು 182 ಪ್ರಿವ್ಯೂ ಆದ ಮೇಲೆ ಜೂನ್ 14ರಂದು ಅಧಿಕೃತವಾಗಿ ತೆರೆ ಎದ್ದಿತು. ಆಗ ಚಟ್ಟದ ಪಾರ್ಟಿಯ ಗೋಳು ಕೇಳಬೇಕಿತ್ತು. ಮೊದಲಾದರೆ ಕೆಟ್ಟದಾಗಿದ್ದರೂ ಮಜವಾಗಿತ್ತು, ಈಗ ಸುಮಾರಾಗಿದೆ ಅಂತ! ಬಿದ್ದೇ ಬೀಳುತ್ತಾನೆ ಅಂತ ದುಡ್ಡು ಕೊಟ್ಟು ಬಂದವನಿಗೆ ತಂತಿ ಗಟ್ಟಿಯಾದದ್ದೇ ಮೋಸ.

2014ರ ಜನವರಿ 4ರಂದು ಅದು ನಿಂತಿತು. ಸಾವಿರಕ್ಕೂ ಜಾಸ್ತಿ ಪ್ರದರ್ಶನ ಕಂಡಿತ್ತು. ಹಾಕಿದ ದುಡ್ಡು ಮಾತ್ರ ಬರಲಿಲ್ಲ. ಭಕ್ತರು ಮೊದಲನೆಯದನ್ನು ಹೇಳುತ್ತಾರೆ, ಚಟ್ಟದವರು ಎರಡನೆಯದನ್ನು. ಇಬ್ಬರೂ ಗೆದ್ದರು. ಸೋತವರು ದುಡ್ಡು ಹಾಕಿದವರೊಬ್ಬರೇ, ಅವರು ಯಾವ ಪಾರ್ಟಿಯಲ್ಲೂ ಇರಲಿಲ್ಲ.

ಥಿಯೇಟರಿನ ಒಳಗೆ ಈ ಎರಡು ಪಾರ್ಟಿಗಳನ್ನು ಗುರುತಿಸುವುದು ಹೇಗೆ? ಇಂಟರ್ವಲ್ಲಿನಲ್ಲಿ ಹೆಂಗಸರ ಶೌಚಾಲಯದ ಕ್ಯೂ ನೋಡಿ. ಹಳೇ ಕಟ್ಟಡಗಳು, ಬೆರಳೆಣಿಕೆಯ ಬಾಗಿಲು. ಕ್ಯೂ ಮೆಟ್ಟಿಲಿಳಿದು ಲಾಬಿ ಸುತ್ತುತ್ತದೆ. "ನಾನು ಅಳುತ್ತಾ ಕೂತಿದ್ದೆ" ಅಂತ ಮುಂದೆ ನಿಂತವಳು. "ನಾನೂ ಅಳುತ್ತಾ ಕೂತಿದ್ದೆ" ಅಂತ ಹಿಂದೆ ನಿಂತವಳು. ದನಿ ಮಾತ್ರ ಬೇರೆ. ಎಡಗಡೆ ಗೋಡೆಗೆ ಒರಗಿದ ಒಬ್ಬ ಯುವಕ ಮೊಬೈಲಿನಲ್ಲಿ ಎಷ್ಟು ಸೀಟು ಖಾಲಿ ಉಳಿದಿವೆ ಅಂತ ಟಿಕೆಟ್ ನಕ್ಷೆ ತೆರೆದು ಎಣಿಸುತ್ತಿರುತ್ತಾನೆ. ಬಾಲ್ಕನಿಯ ಕೊನೇ ಸಾಲಿಗೆ ಬಂದಾಗ ಅವನ ಮುಖದಲ್ಲಿ ಒಂದು ಬೆಳಕು. ಅಷ್ಟು ಬೆಳಕನ್ನು ಆ ರಾತ್ರಿ ಸ್ಟೇಜಿನ ಮೇಲೂ ಯಾರೂ ಬಿಟ್ಟಿರುವುದಿಲ್ಲ.

ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಇದನ್ನು ಭಕ್ತರು ಸಾಕ್ಷಿಯಾಗಿ ಕೊಡುತ್ತಾರೆ, "ಇಡೀ ಥಿಯೇಟರ್ ಎದ್ದು ನಿಂತಿತು ಗೊತ್ತಾ" ಅಂತ. ಗೊತ್ತು. ಈಗ ಬ್ರಾಡ್‌ವೇಯಲ್ಲಿ ಎಲ್ಲ ಆಟಕ್ಕೂ ಎದ್ದು ನಿಲ್ಲುತ್ತಾರೆ. ಮೊದಲ ಸಾಲಿನವನು ಖುಷಿಗೆ ಏಳುತ್ತಾನೆ. ಎರಡನೇ ಸಾಲಿನವನು ಅವನ ಬೆನ್ನು ಅಡ್ಡ ಬಂದಿದ್ದಕ್ಕೆ ಏಳುತ್ತಾನೆ. ಹತ್ತನೇ ಸಾಲಿನವನು ಕೋಟು ಹಾಕಿಕೊಳ್ಳಲು ಏಳುತ್ತಾನೆ. ಮೇಲಿನ ಬಾಲ್ಕನಿಯವನಿಗೆ ರೈಲು ಹಿಡಿಯಬೇಕು. ನಟರು ಪಾಪ ಎಲ್ಲರಿಗೂ ಕೈಮುಗಿಯುತ್ತಾರೆ.

ಅಲ್ಲಿಂದ ಸ್ಟೇಜ್ ಡೋರ್. ಥಿಯೇಟರಿನ ಪಕ್ಕದ ಸಣ್ಣ ಬಾಗಿಲು. ಕಬ್ಬಿಣದ ತಡೆಯ ಹಿಂದೆ ಕೈಯಲ್ಲಿ ಪ್ಲೇಬಿಲ್ (ಆಟದ ವಿವರದ ಪುಸ್ತಿಕೆ), ಕಪ್ಪು ಮಾರ್ಕರ್ ಹಿಡಿದ ಜನ. ಇಡೀ ಎರಡೂವರೆ ಗಂಟೆ ಪಕ್ಕದವನ ಕಿವಿಯಲ್ಲಿ "ಇದು ಭಾನುವಾರದ ತನಕ ಉಳಿಯಲ್ಲ" ಅಂತ ಪಿಸುಗುಟ್ಟಿದವನು ಇಲ್ಲಿ ಮೊದಲ ಸಾಲು. ನಟಿ ಹೊರಗೆ ಬರುತ್ತಾಳೆ, ಮೇಕಪ್ ಅರ್ಧ ಒರೆಸಿದ ಮುಖ, ತಲೆಗೆ ಉಲ್ಲನ್ ಟೋಪಿ. "ಅದ್ಭುತ!" ಅಂತ ಅವನೇ ಎಲ್ಲರಿಗಿಂತ ಮೊದಲು ಕೂಗುತ್ತಾನೆ. ನಾಲ್ಕು ಕಡೆ ಸಹಿ ಹಾಕಿಸಿಕೊಳ್ಳುತ್ತಾನೆ. ಯಾಕೆ ಅಂತೀರಾ? ಬೇಗ ಮುಚ್ಚಿದ ಆಟದ ಸಹಿ ಇರುವ ಪ್ಲೇಬಿಲ್‌ಗೆ ಮುಂದೆ ಬೆಲೆ ಜಾಸ್ತಿ.

ಭಕ್ತರನ್ನೂ ಸುಮ್ಮನೆ ಬಿಡುವಂತಿಲ್ಲ. ಅವರಲ್ಲಿ ಒಬ್ಬ ಅದೇ ಆಟವನ್ನು ಹದಿನೇಳು ಸಲ ನೋಡಿರುತ್ತಾನೆ. ಹದಿನೇಳೂ ಲಾಟರಿಯಲ್ಲಿ ಗೆದ್ದ ಟಿಕೆಟ್ಟು, ಇಲ್ಲವೇ ಬೆಳಗ್ಗೆ ಕ್ಯೂ ನಿಂತು ಪಡೆದ ಅಗ್ಗದ ರಶ್ ಟಿಕೆಟ್ಟು. ಪೂರ್ತಿ ಬೆಲೆ ಕೊಟ್ಟು ಒಂದು ಸಲ ಬಂದ ನಾಲ್ಕು ಜನರ ಕುಟುಂಬ ಗಲ್ಲಾಪೆಟ್ಟಿಗೆಗೆ ಇವನಿಗಿಂತ ಜಾಸ್ತಿ ಹಾಕಿರಬಹುದು. ಆದರೂ "ನಾವು ಈ ಆಟವನ್ನು ಉಳಿಸುತ್ತಿದ್ದೇವೆ" ಅನ್ನುವುದು ಇವನೇ. ಆ ಕುಟುಂಬ ಉಳಿಸಿದ ಸುದ್ದಿ ಆ ಕುಟುಂಬಕ್ಕೇ ಗೊತ್ತಿರುವುದಿಲ್ಲ.

ಭಕ್ತರ ಕೈಗೆ ಇತ್ತೀಚೆಗೆ ಒಂದು ಬ್ರಹ್ಮಾಸ್ತ್ರವೂ ಸಿಕ್ಕಿದೆ. 'ಮೇಬಿ ಹ್ಯಾಪಿ ಎಂಡಿಂಗ್' ಅಂತ ಒಂದು ಮ್ಯೂಸಿಕಲ್. ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ್ದು, ಹಳತಾಗಿ ಮೂಲೆಗೆ ಬಿದ್ದ ಎರಡು ರೋಬೋಟ್‌ಗಳ ಪ್ರೇಮಕಥೆ. 2024ರ ಶರತ್ಕಾಲದಲ್ಲಿ ಬೆಲಾಸ್ಕೊ ಥಿಯೇಟರಿನಲ್ಲಿ ಶುರುವಾದಾಗ ಕಲೆಕ್ಷನ್ ನೋಡಿ ಎಲ್ಲರೂ ಕೈತೊಳೆದುಕೊಂಡಿದ್ದರು. ನೋಡಿದವರು ಬಾಯಿಂದ ಬಾಯಿಗೆ ಹೇಳಿದರು, ವಿಮರ್ಶೆಗಳು ಚೆನ್ನಾಗಿ ಬಂದವು, ಸೀಟು ತುಂಬತೊಡಗಿತು. 2025ರ ಜೂನ್‌ನಲ್ಲಿ ಶ್ರೇಷ್ಠ ಮ್ಯೂಸಿಕಲ್ ಸೇರಿ ಆರು ಟೋನಿ ಬಂತು. ನಿಜಕ್ಕೂ ಸಂತೋಷದ ವಿಷಯ. ಆದರೆ ಇದರಿಂದ ಆದ ಅನಾಹುತ ಅಷ್ಟಿಷ್ಟಲ್ಲ. ಈಗ ಯಾವ ಆಟ ನೆಲಕಚ್ಚಿದರೂ "ಅದೂ ಶುರುವಿನಲ್ಲಿ ಹೀಗೇ ಇತ್ತು" ಅನ್ನುತ್ತಾರೆ. ಆ ಆಟ ಚೆನ್ನಾಗಿತ್ತು ಅನ್ನುವ ಸಣ್ಣ ವಿವರ ಯಾರಿಗೂ ನೆನಪಿಲ್ಲ. ಕಲೆಕ್ಷನ್ ಕಡಿಮೆ ಇತ್ತು ಅನ್ನುವುದೊಂದೇ ನೆನಪು.

ಚಟ್ಟದ ಪಾರ್ಟಿಯ ಕುಲದೇವತೆ 'ಕ್ಯಾರಿ' ಅನ್ನುವ ಮ್ಯೂಸಿಕಲ್. 1988ರ ಮೇ 12ರಂದು ವರ್ಜೀನಿಯಾ ಥಿಯೇಟರಿನಲ್ಲಿ ಶುರು, 15ರಂದು ಮುಕ್ತಾಯ. 16 ಪ್ರಿವ್ಯೂ, 5 ಪ್ರದರ್ಶನ. ನಷ್ಟ 70 ಲಕ್ಷ ಡಾಲರಿಗೂ ಮೇಲೆ. ಆಟ ಮುಗಿದಾಗ 'ಬೂ' ಅಂದವರೂ ಇದ್ದರು, ಎದ್ದು ನಿಂತು ಕಿರುಚಿ ಮೆಚ್ಚಿದವರೂ ಇದ್ದರು. ಆ ಥಿಯೇಟರಿನಲ್ಲಿ ಸುಮಾರು 1,200 ಸೀಟು. ಎಲ್ಲಾ 21 ಸಲವೂ ಪೂರ್ತಿ ತುಂಬಿತ್ತು ಅಂದುಕೊಂಡರೂ 25 ಸಾವಿರ ಚಿಲ್ಲರೆ ಜನ. ಇವತ್ತು "ನಾನು ಅವತ್ತು ಅಲ್ಲಿದ್ದೆ" ಅನ್ನುವವರನ್ನೆಲ್ಲಾ ಕೂರಿಸಬೇಕೆಂದರೆ ಆಟ ಇನ್ನೂ ಓಡುತ್ತಿರಬೇಕಿತ್ತು. ಅವರಲ್ಲಿ ಕೆಲವರು 1988ರಲ್ಲಿ ಹುಟ್ಟಿರಲೇ ಇಲ್ಲ, ಅದು ಬೇರೆ ಮಾತು. ಸತ್ತ ಎಮ್ಮೆಗೆ ಸೇರು ಹಾಲು ಜಾಸ್ತಿ. 2012ರಲ್ಲಿ ಅದನ್ನು ತಿದ್ದಿ ತೀಡಿ ಆಫ್-ಬ್ರಾಡ್‌ವೇಯಲ್ಲಿ, ಅಂದರೆ ಬ್ರಾಡ್‌ವೇಗಿಂತ ಚಿಕ್ಕ ಥಿಯೇಟರಿನಲ್ಲಿ, ಮತ್ತೆ ಆಡಿದರು. ಆಗಲೂ ಹಳೇ ಗೊಣಗಾಟ: ಮೊದಲಿನ ಹುಚ್ಚು ಇದರಲ್ಲಿಲ್ಲವಂತೆ.

ಸೋಲನ್ನು ಚೌಕಟ್ಟು ಹಾಕಿ ತೂಗುಹಾಕುವ ಜಾಗವೂ ಅಲ್ಲಿದೆ. 46ನೇ ಬೀದಿಯ ಜೋ ಅಲೆನ್ ರೆಸ್ಟೋರೆಂಟ್. ಗೋಡೆ ತುಂಬಾ ಮಕಾಡೆ ಮಲಗಿದ ಆಟಗಳ ಪೋಸ್ಟರುಗಳು. ಶುರುವಾದದ್ದು 1965ರ 'ಕೆಲ್ಲಿ'ಯಿಂದ. ಆರೂವರೆ ಲಕ್ಷ ಡಾಲರ್ ಸುರಿದು, ತೆರೆ ಎದ್ದ ರಾತ್ರಿಯೇ ಮುಗಿದ ಆಟ ಅದು. ಓಡುವ ಆಟಗಳಿಗೆ ಆ ಗೋಡೆಯಲ್ಲಿ ಜಾಗವಿಲ್ಲ. ನನ್ನ ಕೇಳಿದರೆ ಇಡೀ ಬೀದಿಯಲ್ಲಿ ಸೋಲಿನ ಜತೆ ಮರ್ಯಾದೆಯಿಂದ ನಡೆದುಕೊಳ್ಳುವವರು ಇವರೊಬ್ಬರೇ. ಪೋಸ್ಟರ್ ಹಾಕುತ್ತಾರೆ, ಸುಮ್ಮನಾಗುತ್ತಾರೆ.

ಇನ್ನು ಕ್ಲೋಸಿಂಗ್ ನೋಟಿಸ್, ಅಂದರೆ ಇಂಥ ದಿನ ಆಟ ಮುಚ್ಚುತ್ತೇವೆ ಅನ್ನುವ ಪ್ರಕಟಣೆ. ಬೀಳುತ್ತಿರುವ ಆಟಕ್ಕೆ ಇದಕ್ಕಿಂತ ಒಳ್ಳೆ ಜಾಹೀರಾತು ಇನ್ನೂ ಹುಟ್ಟಿಲ್ಲ. 'ಫ್ಯಾಂಟಮ್ ಆಫ್ ದಿ ಆಪೆರಾ' 1988ರಿಂದ ಆಡುತ್ತಿತ್ತು. ನಾಳೆ ನೋಡೋಣ ಅಂತ ಒಂದು ತಲೆಮಾರೇ ಕಳೆದಿತ್ತು. 2022ರ ಸೆಪ್ಟೆಂಬರಿನಲ್ಲಿ, ಫೆಬ್ರವರಿಗೆ ಮುಚ್ಚುತ್ತೇವೆ ಅಂದರು. ತಗೋ, ಟಿಕೆಟ್ಟಿಗೆ ನೂಕುನುಗ್ಗಲು. ಕೊನೆಗೆ ಎರಡು ತಿಂಗಳು ಜಾಸ್ತಿ ಆಡಿ, 2023ರ ಏಪ್ರಿಲ್ 16ಕ್ಕೆ, 13,981 ಪ್ರದರ್ಶನ ಮುಗಿಸಿ ಮುಚ್ಚಿದರು. ಸಾಯುತ್ತೇನೆ ಅಂದಿದ್ದಕ್ಕೇ ಎರಡು ತಿಂಗಳು ಬದುಕಿತು. ಅಲ್ಲಿನ ನಿರ್ಮಾಪಕರಿಗೆ ನನ್ನ ಸಲಹೆ ಒಂದೇ: ತೆರೆ ಏರಿಸುವ ದಿನವೇ ನೋಟಿಸ್ ಹಾಕಿಬಿಡಿ. ನೋಟಿಸ್ ಬಿದ್ದ ಮರುಕ್ಷಣ ಭಕ್ತರು ಗೋಳಾಡುತ್ತಾರೆ, ಚಟ್ಟದವರು "ನಾನು ಹೇಳಿರಲಿಲ್ವಾ" ಅನ್ನುತ್ತಾರೆ, ಮತ್ತು ಇಬ್ಬರೂ ಕೊನೇ ದಿನದ ಟಿಕೆಟ್ಟಿಗೆ ಕಿತ್ತಾಡುತ್ತಾರೆ. ಆ ದಿನ ಮಾತ್ರ ಪೇಪರಿಂಗ್ ಬೇಕಾಗುವುದಿಲ್ಲ.

ಇದೆಲ್ಲದಕ್ಕೂ ಮೇಲಿನದು ಹೆಸರಾಂತ ಸಂಗೀತಕಾರ ಸ್ಟೀಫನ್ ಸೊಂಡ್‌ಹೈಮ್ ಅವರ 'ಮೆರಿಲಿ ವಿ ರೋಲ್ ಅಲಾಂಗ್' ಕಥೆ. 1981ರ ನವೆಂಬರಿನಲ್ಲಿ ತೆರೆ ಎದ್ದಿತು. ಕಥೆ ಹಿಂದುಮುಂದಾಗಿ ಸಾಗುತ್ತದೆ. ಮೊದಲು ಮುರಿದ ಸ್ನೇಹ, ಕೊನೆಗೆ ಆ ಸ್ನೇಹ ಹುಟ್ಟಿದ ದಿನ. ಯಾರು ಯಾರು ಅಂತ ಗೊತ್ತಾಗದೆ ಪ್ರೇಕ್ಷಕರು ತಬ್ಬಿಬ್ಬಾದರು. ಪಾತ್ರಗಳ ಗುರುತನ್ನು ನಟರ ಅಂಗಿಯ ಮೇಲೇ ಬರೆಸಿದರು. ಅದನ್ನು ಓದಿಕೊಂಡೇ ಜನ ಎದ್ದು ಹೋದರು. 52 ಪ್ರಿವ್ಯೂ, 16 ಪ್ರದರ್ಶನ, ಅಲ್ಲಿಗೆ ಮುಗಿಯಿತು. 2023ರಲ್ಲಿ ಡೇನಿಯಲ್ ರಾಡ್‌ಕ್ಲಿಫ್, ಜೊನಾಥನ್ ಗ್ರಾಫ್, ಲಿಂಡ್ಸೆ ಮೆಂಡೆಜ್ ಇದ್ದ ತಂಡ ಅದನ್ನು ಮತ್ತೆ ಬ್ರಾಡ್‌ವೇಗೆ ತಂದಿತು. ಟಿಕೆಟ್ ಸಿಗದೆ ಜನ ಪರದಾಡಿದರು. 2024ರಲ್ಲಿ ಶ್ರೇಷ್ಠ ರಿವೈವಲ್ (ಹಳೇ ಆಟದ ಮರುಪ್ರಯೋಗ) ಸೇರಿ ನಾಲ್ಕು ಟೋನಿ. ಹಾಗಾದರೆ 1981ರಲ್ಲಿ ಎದ್ದು ಹೋದವರು ಎಲ್ಲಿ? ಒಬ್ಬರೂ ಸಿಗುವುದಿಲ್ಲ. ಕೇಳಿದವರೆಲ್ಲಾ ಕೊನೇ ತನಕ ಕೂತವರೇ, ಆಗಲೇ ಕಣ್ಣೀರು ಹಾಕಿದವರೇ, "ಇದು ಕಾಲಕ್ಕಿಂತ ಮುಂದಿದೆ" ಅಂತ ಆಗಲೇ ಹೇಳಿದವರೇ. ಅಭಿಪ್ರಾಯವನ್ನೂ ಕೊನೆಯಿಂದ ಮೊದಲಿಗೆ ಬರೆಯಬಹುದು ಅನ್ನುವುದನ್ನು ಆ ಆಟದಿಂದಲೇ ಕಲಿತಿರಬೇಕು.

ಈ ಎರಡು ಪಾರ್ಟಿಗಳ ಸದ್ದು ಕೇಳಿದರೆ ಆಟದ ಹಣೆಬರಹ ಬರೆಯುವವರು ಇವರೇ ಅನ್ನಿಸುತ್ತದೆ. ಟೈಮ್ಸ್ ಸ್ಕ್ವೇರಿನ ಕೆಂಪು ಮೆಟ್ಟಿಲುಗಳ ಕೆಳಗೆ ಟಿಕೆಟಿಎಸ್ ಕೌಂಟರ್ ಇದೆ, ಅವತ್ತಿನ ಟಿಕೆಟ್ಟು ರಿಯಾಯಿತಿಗೆ ಸಿಗುತ್ತದೆ. ಅಲ್ಲಿಗೊಂದು ಸಂಜೆ ಹೋಗಿ ನಿಲ್ಲಿ. ಬ್ರಾಡ್‌ವೇ ಟಿಕೆಟ್ಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಳ್ಳುವವರು ಹೊರಗಿನಿಂದ ಬಂದ ಪ್ರವಾಸಿಗರು. ಕಾಲು ನೋಯುತ್ತಿದೆ, ಮಗು ಹಟ ಮಾಡುತ್ತಿದೆ, ಬೋರ್ಡಿನಲ್ಲಿ ಹೆಸರುಗಳು ಓಡುತ್ತಿವೆ. "ಇದು ಹೇಗಿದೆ?" ಅಂತ ಹೆಂಡತಿ ಕೇಳುತ್ತಾಳೆ. "ಕೇಳಿಲ್ಲ" ಅನ್ನುತ್ತಾನೆ ಗಂಡ. "ಹಾಗಾದರೆ ಸಿಂಹದ್ದು, ಆ 'ಲಯನ್ ಕಿಂಗ್' ತಗೊಳ್ಳೋಣ." ಆಯಿತು. ಒಂದು ಮ್ಯೂಸಿಕಲ್‌ನ ನಾಲ್ಕು ಸೀಟು ಖಾಲಿ ಉಳಿಯಿತು. ಅದನ್ನು ಬರೆದವರ ಐದಾರು ವರ್ಷದ ದುಡಿಮೆ, ಭಕ್ತರ ಕಣ್ಣೀರು, ಚಟ್ಟದವರ ಭವಿಷ್ಯವಾಣಿ, ಯಾವುದೂ ಆ ಕೌಂಟರಿನ ತನಕ ಬರಲೇ ಇಲ್ಲ.

ಆಟ ಭಾನುವಾರ ಮುಗಿಯುತ್ತದೆ. ನಟರು, ವಾದ್ಯದವರು, ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದವರು ಬೇರೆ ಕೆಲಸ ಹುಡುಕಲು ಹೊರಡುತ್ತಾರೆ. ಥಿಯೇಟರ್ ಮುಂದೆ ಲಾರಿ ನಿಲ್ಲುತ್ತದೆ, ಸೆಟ್ಟಿನ ತುಂಡುಗಳು ಒಂದೊಂದಾಗಿ ಹತ್ತುತ್ತವೆ. ಭಕ್ತರು ಆ ನಟರೇ ಹಾಡಿದ ಕಾಸ್ಟ್ ಆಲ್ಬಮ್ ಬಿಡುಗಡೆ ಮಾಡಿ ಅಂತ ಮನವಿ ಬರೆಯುವುದರಲ್ಲಿ ಮುಳುಗಿದ್ದಾರೆ. ಚಟ್ಟದ ಪಾರ್ಟಿ ಆಗಲೇ ಜಾಗ ಖಾಲಿ ಮಾಡಿದೆ. ಅದೇ ಥಿಯೇಟರಿಗೆ ಮುಂದೆ ಬರುವ ಮ್ಯೂಸಿಕಲ್‌ನ ಜಾಹೀರಾತು ಬಂದಿದೆಯಲ್ಲ, ಅದರ ಹಿಂದೆ ಬಿದ್ದಿದ್ದಾರೆ. ತಾಲೀಮು ಇನ್ನೂ ಶುರುವಾಗಿಲ್ಲ. ಆದರೂ ಓಡುವುದಿಲ್ಲವಂತೆ. ಪೋಸ್ಟರಿನಲ್ಲಿ ಅಕ್ಷರದ ಬಣ್ಣ ಸರಿಯಿಲ್ಲವಂತೆ.